ತೆಂಗಿನ ಬುಡದ ಹುಲ್ಲು

ಮದ್ರಾಸು ಸೀಮೆಯಿಂದ
ತಾ. 6-5-1956

ಚಿ. ಸೌ. ತಂಗಿ ನೀಲಾವತಿಗೆ ಅಣ್ಣ ತೀರ್ಥರಾಮನ ಆಶೀರ್ವಾದ.

ನಾನು ಇಲ್ಲಿಗೆ ಬಂದು ಮುಟ್ಟಿ ಒಂದು ತಿಂಗಳಾಯಿತು. ಕೆಲಸ ಎಂಥದ್ದು ಎಂದು ಕೇಳಿದ್ದೀಯಲ್ಲ. ಸರಕಾರದವರು ದನಗಳಿಗೆ ಚುಚ್ಚುವ ಮದ್ದು ತಯಾರು ಮಾಡುವ ಜಾಗ ಇದು. ನಾನು ಸೀಸೆ ತೊಳೆಯುವವನು. ನಗಬೇಡ. ಬೆಳ್ಳಾರೆಯಲ್ಲಿ ದೊಡ್ಡಪ್ಪ ಅಂಗಳ ಗುಡಿಸು ಎಂದರೆ ಗುಡ್ಡೆಗೆ ಓಡುತ್ತಿದ್ದವನು ಈಗ ದಿನಕ್ಕೆ ಇನ್ನೂರು ಸೀಸೆ ತೊಳೆದು, ಕುದಿಸಿ, ಸಾಲಾಗಿ ಇಡುತ್ತೇನೆ. ಅಪ್ಪ ಅಮ್ಮ ಇದ್ದಿದ್ದರೆ ಈ ಚಂದ ನೋಡಿಯೇ ಸಂತೋಷಪಡುತ್ತಿದ್ದರು.

ನಮ್ಮ ವಿಭಾಗದಲ್ಲಿ ಚಪ್ಪೆ ಬೇನೆಯ ಮದ್ದು ಮಾಡುವುದು. ನಿನಗೆ ಗೊತ್ತುಂಟಲ್ಲ, ಮಳೆ ಶುರುವಾಗುವಾಗ ಪುಷ್ಟಿಯಾಗಿರುವ ಕಡಸೇ ಬೆಳಿಗ್ಗೆ ಕುಂಟಿ, ತೊಡೆ ಬಾತು, ಮಾರನೆಯ ದಿನ ಸಾಯುತ್ತದೆ. ಅದು ಕಣ್ಣಿಗೆ ಕಾಣದ ಒಂದು ಜೀವಾಣುವಿನ ಕೆಲಸವಂತೆ. ಅದಕ್ಕೆ ಗಾಳಿ ಆಗದು. ಮಾಂಸದ ಸಾರಿನಲ್ಲಿ ಬಿಟ್ಟು, ಗಾಳಿ ತಾಗದ ಹಾಗೆ ಮೇಲೆ ಎಣ್ಣೆ ಹೊಯ್ದು ಬೆಳೆಸುತ್ತಾರೆ. ಎಷ್ಟೋ ದನಗಳ ಕರುಳಿನಲ್ಲಿ ಅದು ಸುಮ್ಮನೆ ಇರುತ್ತದಂತೆ, ಏನೂ ಮಾಡದೆ. ನಮ್ಮ ಡಾಕ್ಟರು ಮೊನ್ನೆ ಯಾರಿಗೋ ಹೇಳುತ್ತಿದ್ದರು, ಹೀಗೆ ಸತ್ತ ದನದ ಚರ್ಮ ಸುಲಿಯಬಾರದು, ಹೂಳಬೇಕು ಎಂದು. ಸೀಸೆ ತೊಳೆಯುತ್ತಾ ಕೇಳಿಸಿಕೊಂಡೆ. ನಿನ್ನ ಗಂಡನ ಮನೆಯಲ್ಲಿ ಹಟ್ಟಿ ತುಂಬಾ ದನ ಉಂಟಲ್ಲ, ನೆನಪಿಟ್ಟುಕೋ. ಭಾವ ಜತ್ತಪ್ಪನವರಿಗೂ ಹೇಳು. ಮದುವೆಯಲ್ಲಿ ನಿನ್ನ ಹಿಂದೆಯೇ ಕೂಗುತ್ತಾ ಬಂದ ಕಡಸು ಕೆಂಪಿ ಹೇಗಿದ್ದಾಳೆ?

ತೀರ್ಥರಾಮ

ಪೆರಾಬೆ
ತಾ. 27-6-1956

ಅಣ್ಣನಿಗೆ ನೀಲಾವತಿಯ ನಮಸ್ಕಾರ.

ಕೆಂಪಿ ಸತ್ತಳು. ಸೋಮವಾರ ಬೆಳಿಗ್ಗೆ ಹಿಂಗಾಲು ಎಳೆಯುತ್ತಿದ್ದಳು. ತೊಡೆ ಬಾತಿತ್ತು. ಕೈಯಿಟ್ಟು ಒತ್ತಿದರೆ ಒಳಗೆ ಹಪ್ಪಳ ಮುರಿದ ಹಾಗೆ ಸದ್ದು. ಮಂಗಳವಾರ ಬೆಳಿಗ್ಗೆ ಹೋದಳು. ದೊಡ್ಡಪ್ಪ ಕೊಟ್ಟದ್ದು ಅದೊಂದೇ. ಮೂರು ತಿಂಗಳೂ ಉಳಿಯಲಿಲ್ಲ.

ಚರ್ಮದ ವ್ಯಾಪಾರದ ಪೋಕರ್ ಬ್ಯಾರಿ ಮಧ್ಯಾಹ್ನದ ಒಳಗೆ ಬಂದರು. ಅತ್ತೆ ಕೊಡುವುದಕ್ಕೇ ಇದ್ದರು. ನನಗೆ ನಿನ್ನ ಕಾಗದದ ನೆನಪಾಯಿತು. ಸುಲಿಸುವುದು ಬೇಡ, ಅಣ್ಣ ಬರೆದಿದ್ದಾನೆ ಎಂದೆ. ಎಲ್ಲರ ಎದುರು ನಾನು ಬಾಯಿ ತೆರೆದದ್ದು ಅದೇ ಮೊದಲು. "ಬಂದು ಮೂರು ತಿಂಗಳಾಗ್ಲಿಲ್ಲ, ಹಟ್ಟಿಯ ವಿಷಯ ನಮಗೆ ಹೇಳ್ಲಿಕ್ಕೆ ಬರ್ತಾಳೆ" ಎಂದರು ಅತ್ತೆ. ಆದರೆ ಇವರು ನನ್ನ ಪಕ್ಷ ಹಿಡಿದರು. ಓದಿದ ಮಾತು ಇರಬಹುದು ಎಂದರು. ಕೊನೆಗೆ ಅತ್ತೆ ಒಪ್ಪಿದ್ದು, ಹೂಳುವುದಾದರೆ ಹಟ್ಟಿಯ ಪಕ್ಕದ ತೆಂಗಿನ ಸಸಿಯ ಬುಡಕ್ಕೇ ಹೂಳಿ, ಅದಕ್ಕಾದರೂ ಆಗಲಿ ಎಂದು. ನಮ್ಮ ಕಡೆಯೂ ಹಾಗೇ ಮಾಡುವುದಲ್ಲವಾ. ಇವರು, ಮೈದುನ ಡೊಂಬಯ್ಯ ಇಬ್ಬರೂ ತೋಡಿದರು. ಮೊಣಕಾಲಿನಷ್ಟು ತೋಡುವಾಗ ಮುರಕಲ್ಲಿನ ಬಂಡೆ ಸಿಕ್ಕಿತು. ಅಷ್ಟರಲ್ಲೇ ಮಲಗಿಸಿ ಮಣ್ಣು ಎಳೆದೆವು.

ನಾನು ಹೇಳಿದ ಮಾತು ಈ ಮನೆಯಲ್ಲಿ ನಡೆಯಿತು ಎಂದು ಒಂದು ಸಮಾಧಾನ.

ನೀಲಾವತಿ

ತಾ. 15-7-1956

ತಂಗಿ ನೀಲಾವತಿಗೆ,

ಕೆಂಪಿಯ ಸುದ್ದಿ ಓದಿ ಬೇಸರವಾಯಿತು. ಆದರೆ ನೀನು ಮಾಡಿದ್ದು ನೂರಕ್ಕೆ ನೂರು ಸರಿ. ನನ್ನ ತಂಗಿ ಎಂದರೆ ಹೀಗಿರಬೇಕು. ಐದನೇ ಕ್ಲಾಸಿಗೆ ಬಿಡಿಸಿದ್ದು ದೊಡ್ಡಪ್ಪನ ತಪ್ಪು. ತೆಂಗಿನ ಬುಡಕ್ಕೆ ಹಾಕಿದ್ದೂ ಒಳ್ಳೆಯದೇ ಆಯಿತು. ಇನ್ನು ನಾಲ್ಕೈದು ವರ್ಷದಲ್ಲಿ ನಾನು ಬಂದಾಗ ಕೆಂಪಿಯ ಹೆಸರಿನಲ್ಲಿ ಒಂದು ಸಿಯಾಳ ಕೊಡು. ನಿಮ್ಮ ಅತ್ತೆಗೆ ಹೇಳು, ಅಣ್ಣ ಸೀಸೆ ತೊಳೆಯುವವನಾದರೂ ಡಾಕ್ಟರ ಬಳಿಯಲ್ಲೇ ತೊಳೆಯುವುದು ಎಂದು.

ತೀರ್ಥರಾಮ

ಪೆರಾಬೆ
ತಾ. 2-7-1957

ಅಣ್ಣನಿಗೆ ನಮಸ್ಕಾರ.

ಈ ವರ್ಷವೂ ಒಂದು ಹೋಯಿತು. ಬೊಳ್ಳಿ ಎಂದು ಕರೆಯುತ್ತಿದ್ದ ಕಡಸು. ಕೆಂಪಿಯದ್ದೇ ಬೇನೆ. ನಾನು ಅದನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದೆ ಎಂದರೆ, ಬೇರೆ ದನಗಳನ್ನು ಗುಡ್ಡೆಗೆ ಬಿಟ್ಟು ಅದಕ್ಕೆ ಮಾತ್ರ ಎಳೆ ಹುಲ್ಲು ಹೆರೆದು ತಂದು ಹಾಕುತ್ತಿದ್ದೆ. ಎರಡು ಮಳೆ ಬಿದ್ದ ಮೇಲೆ ಕೆಂಪಿಯನ್ನು ಹೂಳಿದ ತೆಂಗಿನ ಬುಡದಲ್ಲಿ ಹುಲ್ಲು ಎಷ್ಟು ಹಸುರಾಗಿ ಬಂದಿದೆ ಗೊತ್ತುಂಟಾ? ಬೇರೆಲ್ಲೂ ಅಂಥ ಹುಲ್ಲಿಲ್ಲ.

ಇದನ್ನು ಗುಡ್ಡೆಯ ಆಚೆ ಹೂಳಿದರು. ಮನೆಯಲ್ಲಿ ಎಲ್ಲರೂ ಸೌಖ್ಯ. ಅತ್ತೆ ಏನೂ ಹೇಳಲಿಲ್ಲ.

ನೀಲಾವತಿ

ತಾ. 4-8-1957

ತಂಗಿ ನೀಲಾವತಿಗೆ,

ಬೊಳ್ಳಿಯ ವಿಷಯ ಡಾಕ್ಟರಿಗೆ ಹೇಳಿದೆ. ಮಳೆಗೆ ಮೊದಲು ಮದ್ದು ಚುಚ್ಚಿಸಬೇಕು ಎಂದರು. ಇಲ್ಲಿಂದ ಕಳಿಸೋಣ ಎಂದರೆ ನಮ್ಮ ಜಿಲ್ಲೆ ಈಗ ಮೈಸೂರು ರಾಜ್ಯಕ್ಕೆ ಹೋಯಿತಲ್ಲ, ಇಲ್ಲಿಯ ಮದ್ದು ಅಲ್ಲಿಗೆ ಬರುವುದಿಲ್ಲವಂತೆ. ಪುತ್ತೂರಿನ ದನದ ಆಸ್ಪತ್ರೆಗೆ ಭಾವ ಒಂದು ಅರ್ಜಿ ಹಾಕಲಿ. ನೀನು ಕಡಸುಗಳಿಗೆ ಎಳೆ ಹುಲ್ಲು ಹಾಕುವುದನ್ನು ಬಿಡಬೇಡ, ಪುಷ್ಟಿಯಾಗಿರಲಿ. ಅತ್ತೆ ಏನೂ ಹೇಳಲಿಲ್ಲ ಎಂದು ಓದಿ ಸಮಾಧಾನವಾಯಿತು. ನಿನಗೆ ಒಳ್ಳೆಯ ಮನೆ ಸಿಕ್ಕಿದೆ.

ತೀರ್ಥರಾಮ

ಪೆರಾಬೆ
ತಾ. 9-7-1958

ಅಣ್ಣನಿಗೆ ನಮಸ್ಕಾರ.

ಅರ್ಜಿ ಹಾಕಿದರೋ ಇಲ್ಲವೋ ನನಗೆ ತಿಳಿಯದು. ನಾನು ಎರಡು ಸಲ ಹೇಳಿದೆ, ಮೂರನೆಯ ಸಲ ಹೇಳಲಿಕ್ಕೆ ಧೈರ್ಯ ಬರಲಿಲ್ಲ. ಹೋದ ವಾರ ಮೂರನೆಯ ಕಡಸೂ ಹೋಯಿತು.

ಅತ್ತೆ ನನಗೆ "ಸ್ವಲ್ಪ ದಿನ ತವರಿಗೆ ಹೋಗಿ ಬಾ" ಎಂದಿದ್ದಾರೆ. ನಾಳೆ ಬೆಳ್ಳಾರೆಗೆ ಹೊರಡುತ್ತೇನೆ. ಇನ್ನು ಕಾಗದ ದೊಡ್ಡಪ್ಪನ ವಿಳಾಸಕ್ಕೆ ಬರೆ.

ನೀಲಾವತಿ

ತಾ. 26-7-1958

ತಂಗಿ ನೀಲಾವತಿಗೆ,

ನಿಮ್ಮ ಅತ್ತೆಯ ಮನಸ್ಸು ದೊಡ್ಡದು, ಮಾರಾಯ್ತಿ. ಗದ್ದೆಯಲ್ಲಿ ನೇಜಿ ನೆಡುವ ಸಮಯದಲ್ಲಿ ಸೊಸೆಯನ್ನು ತವರಿಗೆ ಕಳಿಸುವವರು ಯಾರಿದ್ದಾರೆ? ಚೆನ್ನಾಗಿ ಮಲಗು. ದೊಡ್ಡಮ್ಮನ ಕೈಯಿಂದ ಹಲಸಿನ ಹಣ್ಣಿನ ಕಡುಬು ಮಾಡಿಸಿಕೊಂಡು ತಿನ್ನು, ನನ್ನ ಪಾಲಿನದ್ದೂ ತಿನ್ನು. ಸತ್ತ ಕಡಸುಗಳ ಚಿಂತೆ ಬಿಡು. ನನಗೆ ಇಲ್ಲಿ ಸೀಸೆ ತೊಳೆಯುವುದು ಮುಗಿಯಿತು, ಈಗ ಮದ್ದು ತುಂಬಿಸುವ ಕಡೆಗೆ ಹಾಕಿದ್ದಾರೆ. ಬಿಳಿ ಕೋಟು ಉಂಟು.

ತೀರ್ಥರಾಮ

ಬೆಳ್ಳಾರೆ
ತಾ. 11-3-1959

ಅಣ್ಣಾ,

ಎಂಟು ತಿಂಗಳಾಯಿತು. ಕಡುಬು ತಿಂದೆಯಾ ಎಂದು ನೀನು ಮತ್ತೂ ಎರಡು ಕಾಗದದಲ್ಲಿ ಕೇಳಿದ್ದೀ. ನಿನಗೆ ಸಿಟ್ಟು ಬರಲಿ, ಬೇಸರವಾಗಲಿ, ಈ ಸಲ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನಾನು ತವರಿಗೆ ಬಂದದ್ದಲ್ಲ. ಅಟ್ಟಿದ್ದು. ಅಂಗಳದಲ್ಲಿ ನಿಲ್ಲಿಸಿ ಅತ್ತೆ ಬೆರಳು ಮಡಿಸಿದರು. "ಮೂರು ವರ್ಷ, ಮೂರು ಕಡಸು. ಇವಳು ಕಾಲಿಟ್ಟಲ್ಲಿಂದ ಶುರು. ಮೊದಲು ಸತ್ತದ್ದೂ ಇವಳ ಹಿಂದೆ ಬಂದದ್ದೇ" ಎಂದರು. ಇವರು ಚಾವಡಿಯಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ. ಎಂಟು ತಿಂಗಳಲ್ಲಿ ಒಂದು ಸಲ ಬೆಳ್ಳಾರೆ ಪೇಟೆಗೆ ಬಂದಿದ್ದರಂತೆ. ಈ ಕಡೆಗೆ ಬರಲಿಲ್ಲ.

ಇಲ್ಲಿ ದೊಡ್ಡಪ್ಪ ಏನೂ ಹೇಳುವುದಿಲ್ಲ. ಆದರೆ ಅತ್ತಿಗೆಯಂದಿರು ಊಟಕ್ಕೆ ಕೂತಾಗ ನಾನು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವುದಿಲ್ಲ. ಬಂದವರೆಲ್ಲ ಕೇಳುವುದು ಒಂದೇ, ಯಾವಾಗ ಹೋಗುದು ಎಂದು. ಮೇ ತಿಂಗಳಿನಲ್ಲಿ ಡೊಂಬಯ್ಯನ ಮದುವೆ. ಅದಕ್ಕೆ ಕರೆದರೆ ಕರೆದರು. ಅಷ್ಟರೊಳಗೆ ಕರೆಯದಿದ್ದರೆ ನನ್ನನ್ನು ಮತ್ತೆ ಯಾವತ್ತೂ ಕರೆಯುವುದಿಲ್ಲ. ನನಗೆ ಬೇರೆ ಮನೆ ಎಲ್ಲಿದೆ ಹೇಳು.

ನೀಲಾ

ತಾ. 24-3-1959

ನೀಲಾ,

ನಿನ್ನ ಕಾಗದ ಓದಿ ನನ್ನ ಹಳೆಯ ಕಾಗದಗಳ ನೆನಪಾಗಿ ನಾಚಿಕೆಯಾಯಿತು. ಕಡುಬಂತೆ, ಕಡುಬು. ನನ್ನ ಬಾಯಿಗೆ ಮಣ್ಣು ಹಾಕಬೇಕು.

ರಜೆ ಕೇಳಿದೆ, ಮಳೆಗಾಲದ ಮದ್ದಿನ ಕೆಲಸ ಮುಗಿಯುವವರೆಗೆ ಇಲ್ಲ ಎಂದರು. ಆದರೆ ಸುಮ್ಮನೆ ಕೂತಿಲ್ಲ. ಪುತ್ತೂರಿನ ದನದ ಆಸ್ಪತ್ರೆಯ ಸಾಹುಲ್ ಹಮೀದ್ ಎಂಬವರು ಇಲ್ಲಿಗೆ ಎರಡು ತಿಂಗಳು ಕೆಲಸ ಕಲಿಯಲಿಕ್ಕೆ ಬಂದಿದ್ದರು. ನನ್ನ ಜೊತೆಯಲ್ಲೇ ಉಂಡವರು. ಅವರಿಗೆ ಬರೆದಿದ್ದೇನೆ. ಮಳೆಗೆ ಮೊದಲು ಪೆರಾಬೆಗೆ ಬಂದು ನಿಮ್ಮ ಹಟ್ಟಿಯ ಎಲ್ಲ ಕರುಗಳಿಗೂ ಚುಚ್ಚುತ್ತಾರೆ. ಭಾವನಿಗೂ ಕೈಮುಗಿದು ಬರೆದಿದ್ದೇನೆ. ಈ ಮಳೆಗಾಲ ಒಂದೂ ಕರು ಸಾಯದಿದ್ದರೆ ಯಾರ ಬಾಯಿಯೂ ನಿನ್ನ ಮೇಲೆ ಏಳುವುದಿಲ್ಲ. ಅಲ್ಲಿಯವರೆಗೆ ತಡೆದುಕೋ.

ನಿನ್ನ ಅಣ್ಣ

ಪೆರಾಬೆ
ತಾ. 18-8-1959

ಅಣ್ಣನಿಗೆ ನಮಸ್ಕಾರ.

ನನ್ನನ್ನು ಕರೆಸಿಕೊಂಡರು. ಮದುವೆ ಮನೆಯಲ್ಲಿ ಅರೆಯಲಿಕ್ಕೆ, ತೊಳೆಯಲಿಕ್ಕೆ ಜನ ಬೇಕಲ್ಲ. ನಿನ್ನ ಸಾಹುಲ್ ಹಮೀದರು ಮದುವೆಯಾಗಿ ಹತ್ತು ದಿನಕ್ಕೆ ಬಂದರು. ಪಾಪ, ಬಿಸಿಲಿನಲ್ಲಿ ನಡೆದುಕೊಂಡೇ ಬಂದದ್ದು. ಎಲ್ಲದಕ್ಕೂ ಚುಚ್ಚಿದರು. ಪ್ರತಿ ವರ್ಷ ಮೇ ತಿಂಗಳಿನಲ್ಲಿ ಬರುತ್ತೇನೆ ಎಂದಿದ್ದಾರೆ. ಈ ಮಳೆಗಾಲ ಒಂದು ಕರುವೂ ಸಾಯಲಿಲ್ಲ. ನೀನು ಹೇಳಿದ್ದು ನಿಜವಾಯಿತು.

ಆದರೆ ಹೆಸರು ಬಂದದ್ದು ಯಾರಿಗೆ ಗೊತ್ತುಂಟಾ? ಹೊಸ ಸೊಸೆ ಪ್ರೇಮಾವತಿಗೆ. ಡೊಂಬಯ್ಯನ ಹೆಂಡತಿ, ಕಡಬದ ಹುಡುಗಿ, ಹದಿನೇಳು ವರ್ಷ. ಅವಳು ಕಾಲಿಟ್ಟಳು, ಹಟ್ಟಿ ಉಳಿಯಿತು ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. ನಾನು ಒಮ್ಮೆ ಮದ್ದಿನ ವಿಷಯ ಎತ್ತಿದೆ. "ಮದ್ದು ಯಾರೂ ಕೊಡ್ಲಿ, ಅದು ಹಿಡಿಯುದು ಮನೆಗೆ ಬಂದವರ ಗುಣದಿಂದ" ಎಂದರು.

ನಾನು ಹಟ್ಟಿಯ ಒಳಗೆ ಹೋಗುವ ಹಾಗಿಲ್ಲ. ಹುಲ್ಲು ಹೆರೆದು ತಂದು ಬಾಗಿಲಿನಲ್ಲಿ ಹಾಕುವುದು ನಾನು. ಒಳಗೆ ಕೊಂಡುಹೋಗಿ ತಿನ್ನಿಸುವುದು ಪ್ರೇಮಾವತಿ. ಅವಳು ಕೆಟ್ಟವಳಲ್ಲ, ಅಣ್ಣ. ಅಕ್ಕ ಅಕ್ಕ ಎಂದು ಹಿಂದೆಯೇ ಇರುತ್ತಾಳೆ. ತಲೆ ಬಾಚಿಸಿಕೊಳ್ಳಲಿಕ್ಕೂ ನನ್ನ ಬಳಿಗೇ ಬರುತ್ತಾಳೆ. ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ನೀಲಾವತಿ

ತಾ. 12-2-1961

ತಂಗಿ ನೀಲಾವತಿಗೆ,

ಈ ಕಾಗದ ನಾನು ಅಕ್ಟೋಬರಿನಲ್ಲೇ ಬರೆಯಬೇಕಿತ್ತು. ನಾಲ್ಕು ಸಲ ಬರೆದು ಹರಿದೆ. ಇದನ್ನು ಭಾವನಿಗೂ ಅತ್ತೆಗೂ ಓದಿ ಹೇಳಬೇಕು. ಅದಕ್ಕಾಗಿ ಅಕ್ಷರ ಬಿಡಿಸಿ ಬರೆಯುತ್ತಿದ್ದೇನೆ.

ಅಕ್ಟೋಬರಿನಲ್ಲಿ ಡಾಕ್ಟರು ಒಂದು ತಿಳುವಳಿಕೆ ಪತ್ರವನ್ನು ಕನ್ನಡಕ್ಕೆ ಮಾಡಿಕೊಡು ಎಂದು ನನ್ನ ಕೈಗೆ ಕೊಟ್ಟರು. ಚಪ್ಪೆ ಬೇನೆಯದ್ದು. ಸತ್ತ ದನವನ್ನು ಹಟ್ಟಿಯಿಂದ ದೂರ ಆರಡಿ ಆಳ ತೋಡಿ, ಸುಣ್ಣ ಹಾಕಿ ಹೂಳಬೇಕು ಎಂದು ಅದರಲ್ಲಿತ್ತು. ಮೇಲುಮೇಲೆ ಹೂತರೆ ಆ ಜೀವಾಣು ಬೀಜದ ಹಾಗೆ ಮಣ್ಣಿನಲ್ಲಿ ಎಷ್ಟೋ ವರ್ಷ ಬದುಕಿರುತ್ತದೆ. ಮಳೆ ಬಂದಾಗ ಮಣ್ಣಿನ ಜೊತೆ ಹುಲ್ಲಿಗೆ ಹತ್ತುತ್ತದೆ. ಅದನ್ನು ತಿಂದ ಎಳೆ ದನ ಸಾಯುತ್ತದೆ. ಐದು ವರ್ಷದ ಹಿಂದೆ ಡಾಕ್ಟರು ಇದನ್ನೆಲ್ಲ ಹೇಳಿದ್ದಿರಬೇಕು. ನಲ್ಲಿಯ ನೀರಿನ ಸದ್ದಿನಲ್ಲಿ ನಾನು ಕೇಳಿಸಿಕೊಂಡದ್ದು ಅರ್ಧ. ಆ ಅರ್ಧವನ್ನು ದೊಡ್ಡ ಜನದ ಹಾಗೆ ನಿನಗೆ ಬರೆದೆ. ತೆಂಗಿನ ಬುಡಕ್ಕೆ ಹಾಕಿದ್ದು ಒಳ್ಳೆಯದಾಯಿತು ಎಂದೂ ಬರೆದೆ. ಎಳೆ ಹುಲ್ಲು ಹಾಕುವುದು ಬಿಡಬೇಡ ಎಂದೂ ಬರೆದೆ.

ಕೆಂಪಿ ಸತ್ತದ್ದು ಅದರ ಹಣೆಬರಹ. ಉಳಿದ ಎರಡು ಸತ್ತದ್ದು ಆ ತೆಂಗಿನ ಬುಡದ ಹುಲ್ಲಿನಿಂದ. ನಿನ್ನ ಕಾಲ್ಗುಣದಿಂದ ಅಲ್ಲ, ನನ್ನ ಕಾಗದದಿಂದ. ಅತ್ತೆ ಬೈಯುವುದಾದರೆ ನನ್ನನ್ನು ಬೈಯಲಿ.

ಇನ್ನು ಮಾಡಬೇಕಾದ್ದು ಇಷ್ಟು. ಆ ಜಾಗಕ್ಕೆ ಮುಳ್ಳಿನ ಬೇಲಿ ಹಾಕಿ, ಅಲ್ಲಿಂದ ಒಂದು ಕಡ್ಡಿ ಹುಲ್ಲೂ ಹೆರೆಯಬೇಡಿ. ಮದ್ದು ಚುಚ್ಚಿದ ದನಗಳಿಗೆ ಭಯವಿಲ್ಲ. ಆದರೆ ಹೊರಗಿನಿಂದ ಹೊಸ ಕರು ಬಂದರೆ, ಮದ್ದು ಚುಚ್ಚುವವರೆಗೆ ಆ ಹುಲ್ಲು ಅದರ ಬಾಯಿಗೆ ಬೀಳಲೇಬಾರದು.

ನನ್ನನ್ನು ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ನಿನ್ನ ಅಣ್ಣ ತೀರ್ಥರಾಮ

ತಾ. 20-5-1961

ನೀಲಾ,

ಫೆಬ್ರವರಿಯ ಕಾಗದ ಮುಟ್ಟಿತೇ? ಮನೆಯಲ್ಲಿ ಓದಿ ಹೇಳಿದೆಯಾ? ಸಾಹುಲ್ ಹಮೀದರು ಹೋದ ವಾರ ಬಂದು ಚುಚ್ಚಿಹೋದದ್ದಾಗಿ ಬರೆದಿದ್ದಾರೆ. ಬೇಲಿಯ ವಿಷಯ ಅವರು ಬರೆಯಲಿಲ್ಲ. ನನ್ನ ಮೇಲೆ ಸಿಟ್ಟಿದ್ದರೆ ಸಿಟ್ಟೆಂದೇ ಎರಡು ಸಾಲು ಬರೆ.

ತೀರ್ಥರಾಮ

ಪೆರಾಬೆ
ತಾ. 10-7-1961

ಅಣ್ಣಾ,

ನಿನ್ನ ಎರಡೂ ಕಾಗದ ಮುಟ್ಟಿದೆ. ಮೊದಲನೆಯದನ್ನು ನಾನು ಎಷ್ಟು ಸಲ ಓದಿದ್ದೇನೆ ಎಂದರೆ, ಈಗ ಕಣ್ಣು ಮುಚ್ಚಿ ಹೇಳಬಲ್ಲೆ.

ಅದು ಬಂದ ದಿನವೇ ಓದಿ ಹೇಳಬೇಕೆಂದು ಕೈಯಲ್ಲಿ ಹಿಡಿದು ಅಂಗಳಕ್ಕೆ ಬಂದೆ. ಆ ದಿನವೇ ಕೆಂಪಿಯ ತೆಂಗಿನಿಂದ ಮೊದಲ ಸಿಯಾಳ ಕೊಯ್ದಿದ್ದರು. ಮೂರು ಬೇಸಗೆ ಅದಕ್ಕೆ ನೀರು ಹೊತ್ತವಳು ನಾನು. ಅತ್ತೆ ಕೆತ್ತಿಸಿ ಪ್ರೇಮಾವತಿಯ ಕೈಗೆ ಕೊಟ್ಟರು. "ನಿನ್ನ ಕಾಲ್ಗುಣಕ್ಕೆ ಬಂದದ್ದು, ನೀನೇ ಮೊದಲು ಕುಡಿ" ಎಂದರು. ಇವರೂ ಅಲ್ಲಿಯೇ ಇದ್ದರು. ಯಾರೂ ನನ್ನ ಕಡೆ ನೋಡಲಿಲ್ಲ. ನಾನು ಕಾಗದ ಮಡಿಸಿ ಒಳಗೆ ಹೋದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಅಣ್ಣ, ನಿಜ ಹೇಳುತ್ತೇನೆ, ಆಗ ನನಗೆ ಬೇರೆ ಯೋಚನೆ ಇರಲಿಲ್ಲ.

ಜೂನ್ ಕೊನೆಗೆ ಪ್ರೇಮಾವತಿಯ ಅಪ್ಪ ಕಡಬದಿಂದ ಒಂದು ಕಡಸು ಹೊಡೆದುಕೊಂಡು ಬಂದರು. ಮಗಳಿಗೆ ಎಂದು. ಹೊಳೆಯುವ ಮೈ. ಅವಳು ಅದಕ್ಕೆ ಚೆಲುವೆ ಎಂದು ಹೆಸರಿಟ್ಟಳು. ಮದ್ದು ಚುಚ್ಚಿಸಿ ಆಗಿದೆಯಾ ಎಂದು ನಾನೇ ಕೇಳಿದೆ. ಅದೆಲ್ಲ ಇಲ್ಲ ಎಂದರು ಅವರು. ನಿನ್ನ ಕಾಗದದ ಕೊನೆಯ ಮಾತು ನೆನಪಾಯಿತು. ಬೀಳಲೇಬಾರದು ಎಂದು ಬರೆದಿದ್ದೀಯಲ್ಲ, ಅದು.

ನಾಲ್ಕು ದಿನ ನಾನು ಬೇರೆಲ್ಲೂ ಹೋಗಲಿಲ್ಲ. ತೆಂಗಿನ ಬುಡದಿಂದಲೇ ಹೆರೆದೆ. ಮಣ್ಣಿಗೆ ತಾಗಿಸಿ, ಬೇರು ಬರುವ ಹಾಗೆ ಹೆರೆದೆ. ತಂದು ಹಟ್ಟಿಯ ಬಾಗಿಲಿನಲ್ಲಿ ಹಾಕಿದೆ. "ಅಕ್ಕ, ಇವಳಿಗೆ ಒಳ್ಳೇ ಹುಲ್ಲು ತಂದ್ರಿ" ಎಂದು ಪ್ರೇಮಾವತಿ ಸಂತೋಷದಿಂದ ಎತ್ತಿಕೊಂಡು ಹೋಗಿ ಕೈಯಾರೆ ತಿನ್ನಿಸಿದಳು. ಐದನೆಯ ದಿನ ಬೆಳಿಗ್ಗೆ ಕಡಸು ಕುಂಟಿತು. ಅದನ್ನು ಅಂಗಳಕ್ಕೆ ತಂದು, ಒತ್ತಿ ನೋಡಲಿಕ್ಕೆ ನನ್ನನ್ನೇ ಕರೆದರು, ನೋಡಿ ಗೊತ್ತಿದ್ದವಳು ಎಂದು. ಅದೇ ಸದ್ದು. ಮಾರನೆಯ ದಿನ ಅದು ಸತ್ತಿತು.

ಈ ಸಲ ಗುಡ್ಡೆಯ ಆಚೆ ಆರಡಿ ತೋಡಿಸಿದೆ. ಸುಣ್ಣ ಹಾಕಿಸಿದೆ. ಎಲ್ಲ ನೀನು ಬರೆದ ಹಾಗೆ. ಇವಳಿಗೆ ಇಷ್ಟೆಲ್ಲ ಗೊತ್ತುಂಟಲ್ಲ ಎಂದು ಇವರು ನನ್ನ ಮುಖ ನೋಡಿದರು. ಐದು ವರ್ಷದ ಮೇಲೆ ನೋಡಿದ್ದು.

ಮೂರನೆಯ ದಿನ ಅತ್ತೆ ನನ್ನನ್ನು ಕರೆದರು. "ನೀಲಾ, ಇನ್ನು ಹಟ್ಟಿ ನೀನೇ ನೋಡಿಕೋ" ಎಂದರು. ಆಮೇಲೆ ಪ್ರೇಮಾವತಿಯ ಕಡೆ ತಿರುಗಿ, "ನೀನು ಸ್ವಲ್ಪ ದಿನ ತವರಿಗೆ ಹೋಗಿ ಬಾ" ಎಂದರು. ಅದೇ ಮಾತು, ಅಣ್ಣ. ಅದೇ ಅಂಗಳ. ಡೊಂಬಯ್ಯ ಎದ್ದು ಗದ್ದೆಯ ಕಡೆಗೆ ಹೋದ.

ನಿನ್ನೆ ಅವಳು ತಲೆ ಬಾಚಿಸಿಕೊಳ್ಳಲಿಕ್ಕೆ ಬಂದು ಕೂತಳು. ನನಗೆ ಬೆನ್ನು ಹಾಕಿ ಕೂತೇ ಕೇಳಿದಳು. "ಅಕ್ಕ, ನನ್ನ ಕಾಲ್ಗುಣ ಅಷ್ಟು ಕೆಟ್ಟದಾ?"

ನಾನು ಬಾಚುತ್ತಲೇ ಇದ್ದೆ. ಅಲ್ಲ ಎನ್ನುವ ಒಂದು ಮಾತು ನನ್ನ ಬಾಯಿಯಿಂದ ಬರಲಿಲ್ಲ. ಇಷ್ಟು ವರ್ಷ ಯಾರಾದರೂ ನನಗೆ ಆ ಮಾತು ಹೇಳಲಿ ಎಂದು ಕಾದವಳು ನಾನು.

ಇವತ್ತು ಮಧ್ಯಾಹ್ನದ ಬಸ್ಸಿಗೆ ಅವಳು ಹೊರಡುವುದು. ಅವಳ ಗಂಟು ನಾನೇ ಕಟ್ಟಿದೆ. ಅವಳಿಗೆ ಓದು ಬಾರದು, ಅವಳ ಅಪ್ಪನಿಗೆ ಬರುತ್ತದೆ. ಸೀರೆಯ ಮಡಿಕೆಯಲ್ಲಿ ನಿನ್ನ ಫೆಬ್ರವರಿಯ ಕಾಗದ ಇಟ್ಟಿದ್ದೇನೆ. ಅದನ್ನು ಓದಿದರೆ ಕಡಸು ಸತ್ತದ್ದು ಮಗಳ ಕಾಲ್ಗುಣದಿಂದ ಅಲ್ಲ ಎಂದು ಅವರಿಗೆ ತಿಳಿಯುತ್ತದೆ. ಹುಲ್ಲು ಹೆರೆದು ತಂದದ್ದು ಯಾರು ಎಂದು ಅವರು ಮಗಳನ್ನು ಕೇಳುತ್ತಾರೆ. ಅವಳು ಹೇಳುತ್ತಾಳೆ. ಮೇಲೆ ನೀನು ತಾರೀಕು ಹಾಕಿದ್ದೀಯಲ್ಲ, ಕಡಸು ಬರುವುದಕ್ಕೆ ನಾಲ್ಕು ತಿಂಗಳ ಹಿಂದಿನದ್ದು. ಆ ತುದಿಯನ್ನು ಹರಿದು ಇಡೋಣ ಎಂದು ಎರಡು ಸಲ ಕೈ ಹೋಯಿತು. ಹರಿಯಲಿಲ್ಲ.

ನಿನಗೆ ಇದು ಮುಟ್ಟುವಾಗ ಎಂಟು ದಿನ ಕಳೆದಿರುತ್ತದೆ. ಅಷ್ಟರಲ್ಲಿ ಅವರು ಇಲ್ಲಿಗೆ ಬಂದು ಮಾತಾಡಿ ಆಗಿರುತ್ತದೆ. ಇನ್ನು ನೀನು ಈ ಮನೆಗೆ ಬರೆಯಬೇಡ, ಬೆಳ್ಳಾರೆಯ ವಿಳಾಸಕ್ಕೆ ಬರೆ. ಅಲ್ಲಿಯೂ ಸೇರಿಸದಿದ್ದರೆ ಆಮೇಲೆ ತಿಳಿಸುತ್ತೇನೆ.

ಇವತ್ತು ಬೆಳಿಗ್ಗೆ ಹಟ್ಟಿಯ ಒಳಗೆ ಹೋಗಿ ಸೆಗಣಿ ಬಾಚಿದೆ. ಮೂರು ವರ್ಷದ ಮೇಲೆ ಹೋದದ್ದು. ಹಳೆಯ ದನಗಳಿಗೆ ನನ್ನ ಗುರುತು ಸಿಕ್ಕಿತು.

ನೀಲಾ